ನಡೆಯಿರಿ ಅಂತಾರೆ ಒಬ್ಬರು, ಬೇಡ ಅಂತಾರೆ ಇನ್ನೊಬ್ಬರು: ಮಂಡಿ ನೋವು, ಶುಗರ್ ಎರಡೂ ಇದ್ದರೆ?

ಪ್ರಶ್ನೆ: ನನಗೆ 67 ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಯಿತು, ಬಿಪಿಯೂ ಇದೆ. ಈಚೆಗೆ ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು ಸವೆದಿದೆ, ಹೆಚ್ಚು ನಡೆಯಬೇಡಿ ಎಂದರು. ಶುಗರ್ ನೋಡುವ ಡಾಕ್ಟರು ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕು ಎನ್ನುತ್ತಾರೆ. ನಡಿಗೆ ಬಿಟ್ಟ ಮೇಲೆ ತೂಕವೂ ಏರಿದೆ, ಶುಗರೂ ಏರಿದೆ. ಯಾರ ಮಾತು ಕೇಳಲಿ? ನೋವಿಗೆ ಮಗ ತಂದುಕೊಡುವ ಮಾತ್ರೆಯನ್ನು ದಿನಕ್ಕೆರಡು ನುಂಗುತ್ತಿದ್ದೇನೆ.

ಉತ್ತರ: ಮಾತ್ರೆಯ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ಅದರ ಹೆಸರು ನೀವು ಬರೆದಿಲ್ಲ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಇವುಗಳಲ್ಲಿ ಒಂದಾಗಿದ್ದರೆ ದಿನವೂ ನುಂಗುವುದು ನಿಮಗೆ ಸರಿಯಲ್ಲ. ಹನ್ನೆರಡು ವರ್ಷದ ಶುಗರ್ ಮೂತ್ರಪಿಂಡಕ್ಕೆ ಈಗಾಗಲೇ ಭಾರ ಹೊರಿಸಿರಬಹುದು. ಈ ಮಾತ್ರೆಗಳು ಅಲ್ಲಿಗೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ. ಬಿಪಿಗೆಂದು ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ತರಹದ ಮಾತ್ರೆ, ಅದರ ಜೊತೆಗೆ ನೀರು ಹೋಗುವ ಮಾತ್ರೆಯೂ ಇದ್ದರಂತೂ ಮೂರೂ ಸೇರಿ ಕಿಡ್ನಿಯನ್ನು ಕೆಲವೇ ದಿನಗಳಲ್ಲಿ ಕೆಡಿಸಿದ ಉದಾಹರಣೆಗಳಿವೆ. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ನಿಲ್ಲಬೇಕಾದದ್ದು ನೋವಿನ ಮಾತ್ರೆ. ಒಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ.

ಬದಲಿಗೆ ಡೈಕ್ಲೊಫೆನಾಕ್ ಜೆಲ್ ಹಚ್ಚಬಹುದೇ ಎಂದು ಡಾಕ್ಟರನ್ನು ಕೇಳಿ. ಮಂಡಿ ಚರ್ಮಕ್ಕೆ ಹತ್ತಿರದ ಕೀಲು, ಹಾಗಾಗಿ ಜೆಲ್ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಡಿಮೆ. ಪ್ಯಾರಾಸಿಟಮಾಲ್‌ನಿಂದ ಮಂಡಿ ಸವೆತದ ನೋವಿಗೆ ದೊಡ್ಡ ಉಪಕಾರವೇನಿಲ್ಲ. ತೀರಾ ನೋವಿರುವ ದಿನ, ಡಾಕ್ಟರು ಹೇಳಿದ ಪ್ರಮಾಣದಲ್ಲಿ ಸಾಕು. ತೋಳಿಗೆ ಅಂಟಿಸಿಕೊಳ್ಳುವ ಶುಗರ್ ಸೆನ್ಸರ್ ಬಳಸುವವರಿಗೆ ಒಂದು ಮಾತು: ಕೆಲವು ಸೆನ್ಸರ್‌ಗಳು ಪ್ಯಾರಾಸಿಟಮಾಲ್ ತೆಗೆದುಕೊಂಡಾಗ ಇರುವುದಕ್ಕಿಂತ ಹೆಚ್ಚು ಶುಗರ್ ತೋರಿಸುತ್ತವೆ.

ಈಗ ನಡಿಗೆಗೆ ಬರೋಣ. ಇಬ್ಬರು ಡಾಕ್ಟರೂ ಹೇಳಿದ್ದು ಅರ್ಧರ್ಧ ಸರಿ. ಆದರೆ ಕೂತರೆ ಮಂಡಿ ಉಳಿಯುತ್ತದೆ ಎಂಬ ನಂಬಿಕೆ ಮಾತ್ರ ಪೂರ್ತಿ ತಪ್ಪು. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲು ಮಡಚಿ ಬಿಚ್ಚುವಾಗ, ಭಾರ ಬಿದ್ದು ಬಿಡುವಾಗ ಕೀಲಿನೊಳಗಿನ ದ್ರವದಿಂದಲೇ ಅದು ಪೋಷಣೆ ಹೀರಿಕೊಳ್ಳಬೇಕು. ಕಾಲಾಡದಿದ್ದರೆ ಅದೂ ಇಲ್ಲ. ಎರಡೂ ಕಾಯಿಲೆಗಳು ಕೂಡುವ ಜಾಗ ನಿಮ್ಮ ತೊಡೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳು, ದೇಹದ ಅತಿ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ ಮತ್ತು ಪೃಷ್ಠದಲ್ಲಿ. ಪ್ರತಿ ಹೆಜ್ಜೆಯ ಹೊಡೆತ ಮಂಡಿಗೆ ನೇರ ತಾಗದಂತೆ ತಡೆಯುವುದೂ ಅವೇ. ನೋವೆಂದು ಕೂತರೆ ಮೊದಲು ಸೊರಗುವುದು ತೊಡೆ. ಆಮೇಲೆ ನೋವೂ ಏರುತ್ತದೆ, ಶುಗರೂ ಏರುತ್ತದೆ. ನಿಮಗೆ ಆಗಿರುವುದು ಇದೇ.

ಆದ್ದರಿಂದ ತೊಡೆಯಿಂದ ಶುರು ಮಾಡಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಯಾಗುವಂತೆ ಐದು ಎಣಿಸುವಷ್ಟು ಹೊತ್ತು ಹಿಡಿದು ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ. ಇದು ಸಲೀಸಾದ ಮೇಲೆ ಎತ್ತರದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ರೂಢಿಸಿಕೊಳ್ಳಿ. ಮುಕ್ಕಾಲು ಗಂಟೆ ಒಂದೇ ಸಮ ನಡೆಯುವುದು ಬೇಡ. ಮೂರು ಹೊತ್ತಿನ ಊಟದ ನಂತರ ಸಮತಟ್ಟಾದ ಕಡೆ ಹತ್ತು ಹತ್ತು ನಿಮಿಷ ನಡೆಯಿರಿ, ಊಟದ ಮೇಲೆ ಏರುವ ಶುಗರ್‌ಗೆ ಇದು ಚೆನ್ನಾಗಿ ತಾಗುತ್ತದೆ. ಒಂದು ಮಂಡಿ ಹೆಚ್ಚು ನೋಯುತ್ತಿದ್ದರೆ ಕೋಲನ್ನು ಅದರ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ಬಹಳ ಜನ ನೋಯುವ ಕಡೆಯೇ ಹಿಡಿದಿರುತ್ತಾರೆ. ನಿಂತಲ್ಲೇ ತುಳಿಯುವ ಸೈಕಲ್ ಇದ್ದರೆ ಸೀಟು ಎತ್ತರಿಸಿಕೊಂಡು ತುಳಿಯಬಹುದು. ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ಮಾಮೂಲಿಗಿಂತ ಹೆಚ್ಚು ನೋವಿದ್ದರೆ ಪ್ರಮಾಣ ತಗ್ಗಿಸಿ, ಪೂರ್ತಿ ಬಿಡಬೇಡಿ. ಫಲ ಗೊತ್ತಾಗಲು ಎರಡು ಮೂರು ತಿಂಗಳು ಬೇಕು. ಎರಡೇ ವಾರಕ್ಕೆ ಬೇಸರಪಟ್ಟು ಬಿಟ್ಟವರೇ ಹೆಚ್ಚು.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುತ್ತಿದ್ದರೆ ಚಟುವಟಿಕೆ ಹೆಚ್ಚಿದಾಗ ಶುಗರ್ ತೀರಾ ಇಳಿಯಬಹುದು. ಸಕ್ಕರೆಯೋ ಗ್ಲೂಕೋಸೋ ಜೊತೆಯಲ್ಲಿರಲಿ. ಪಾದ ಜೋಮು ಹಿಡಿದವರು ದಿನವೂ ಅಂಗಾಲು ನೋಡಿಕೊಳ್ಳಬೇಕು. ಮಂಡಿಗೆ ಬಿಸಿ ಶಾಖ ಕೊಡುವಾಗ ಮೊದಲು ಕೈಯಿಂದ ಮುಟ್ಟಿ ನೋಡಿ, ಸ್ಪರ್ಶ ಮಂದವಾದ ಕಾಲು ಸುಟ್ಟರೂ ತಿಳಿಯುವುದಿಲ್ಲ. ಒಂದೇ ಪಾದ ಊದಿ ಬಿಸಿಯಾಗಿದ್ದರೆ, ನೋವಿಲ್ಲದಿದ್ದರೂ, ನಡಿಗೆ ನಿಲ್ಲಿಸಿ ಅಂದೇ ತೋರಿಸಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕುಗ್ಗಿ ಜೋಮು ಹೆಚ್ಚಬಹುದು, ಅದನ್ನೂ ಪರೀಕ್ಷಿಸಿಕೊಳ್ಳಿ.

ತೂಕದ ಬಗ್ಗೆ ನೀವು ಕೇಳದಿದ್ದರೂ ಹೇಳಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಹಾಗೆಂದು ಈ ವಯಸ್ಸಿನಲ್ಲಿ ಉಪವಾಸ ಬಿದ್ದು ಇಳಿಸಬೇಡಿ, ಕೊಬ್ಬಿನ ಜೊತೆ ಸ್ನಾಯುವೂ ಕರಗಿಹೋಗುತ್ತದೆ.

ಪ್ರಶ್ನೆ: ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸೋಣ ಎಂದಿದ್ದಾರೆ. ಶುಗರ್ ಇರುವವರು ಹಾಕಿಸಿಕೊಳ್ಳಬಹುದೇ?

ಉತ್ತರ: ಹಾಕಿಸಿಕೊಳ್ಳಬಹುದು, ತಯಾರಿ ಇರಬೇಕು. ಕೀಲಿಗೆ ಹಾಕಿದ ಸ್ಟೀರಾಯ್ಡ್ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಹಾಕಿಸಿದ ದಿನದಿಂದಲೇ ಶುಗರ್ ಏರಿ ಕೆಲವು ದಿನ ಹಾಗೇ ಇರುತ್ತದೆ, ಕೆಲವರಲ್ಲಿ 300 ದಾಟುವುದೂ ಉಂಟು. ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಆ ದಿನಗಳಲ್ಲಿ ಮನೆಯಲ್ಲೇ ಹೆಚ್ಚು ಸಲ ಶುಗರ್ ನೋಡಿಕೊಳ್ಳಿ. ಎಷ್ಟು ಏರಿದರೆ ಏನು ಮಾಡಬೇಕೆಂದು ಶುಗರ್ ಡಾಕ್ಟರನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ಈಗಲೇ ಶುಗರ್ ಹತೋಟಿ ತಪ್ಪಿದ್ದರೆ ಮುಂದೂಡುವುದೇ ಲೇಸು. ಉಪಶಮನ ಕೆಲವು ವಾರಗಳದ್ದು, ಪದೇ ಪದೇ ಹಾಕಿಸುವಂಥದ್ದಲ್ಲ. ಇಂಜೆಕ್ಷನ್ ನಂತರ ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಅದು ಸೋಂಕಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಯಜಮಾನರಿಗೆ 74. ಮಂಡಿ ಬದಲಿಸುವ ಆಪರೇಷನ್ ನಿಗದಿಯಾಗಿತ್ತು. ಮೂರು ತಿಂಗಳ ಶುಗರ್ 9.2 ಬಂತೆಂದು ಮುಂದೂಡಿದ್ದಾರೆ. ಬೇರೆ ಕಡೆ ಹೋಗೋಣವೇ?

ಉತ್ತರ: ಹೋಗಬೇಡಿ. ಮುಂದೂಡಿದವರು ಸರಿಯಾದದ್ದನ್ನೇ ಮಾಡಿದ್ದಾರೆ. ಹೊಸ ಕೀಲಿಗೆ ಸೋಂಕು ತಗುಲಿದರೆ ಕೆಲವೊಮ್ಮೆ ಅದನ್ನೇ ಹೊರತೆಗೆಯಬೇಕಾಗುತ್ತದೆ, ಶುಗರ್ ಹೆಚ್ಚಿದ್ದಷ್ಟೂ ಆ ಅಪಾಯ ಹೆಚ್ಚು. ಹಲವು ಸರ್ಜನ್‌ಗಳು ಎಚ್‌ಬಿಎ1ಸಿ, ಅಂದರೆ ನೀವು ಹೇಳಿದ ಮೂರು ತಿಂಗಳ ಶುಗರ್, 7.5 ಅಥವಾ 8ರೊಳಗೆ ಬರಲಿ ಎನ್ನುತ್ತಾರೆ. ಅವಸರದಲ್ಲಿ 6ಕ್ಕೆ ಇಳಿಸಲು ಹೋಗಬೇಡಿ. 74ರ ವಯಸ್ಸಿನಲ್ಲಿ ಶುಗರ್ ಕುಸಿದು ಬಿದ್ದು ಸೊಂಟ ಮುರಿದುಕೊಂಡರೆ ಮಂಡಿಯ ಚಿಂತೆ ಹಿಂದಾಗುತ್ತದೆ. ಮೇಲೆ ಹೇಳಿದ ತೊಡೆಯ ವ್ಯಾಯಾಮವನ್ನು ಅವರು ಈಗಲೇ ಮಾಡಲಿ, ಆಪರೇಷನ್ ಆದ ಮೇಲೆ ಎದ್ದು ಓಡಾಡಲು ಅದೇ ಬಲ. ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ತಪ್ಪದೆ ತಿಳಿಸಿ. ಅವನ್ನು ಸಾಮಾನ್ಯವಾಗಿ ಆಪರೇಷನ್‌ಗೆ ಮೂರು ದಿನ ಮುಂಚೆಯೇ ನಿಲ್ಲಿಸಿಸುತ್ತಾರೆ. ಇಲ್ಲದಿದ್ದರೆ ಶುಗರ್ ಹೆಚ್ಚು ಕಾಣದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ.