ಗ್ಯಾಲರಿಯ ಆಶುಪ್ರದರ್ಶನಕ್ಕೆ ತಾಲೀಮು ಇರುತ್ತದೆಯೇ, ಆ ಹೊತ್ತಿಗೆ ತೋಚಿದ್ದನ್ನು ಮಾಡುತ್ತಾರೆಯೇ?

ಮೈಸೂರಿನ ಗ್ಯಾಲರಿಯೊಂದರಲ್ಲಿ ಹಗ್ಗ, ತಗಡು, ಮುರಿದ ಕುರ್ಚಿಗಳ ನಡುವೆ ಒಬ್ಬರು ಮುಕ್ಕಾಲು ಗಂಟೆ ನರಳಿದರು, ಹೊರಳಾಡಿದರು, ಇದಕ್ಕೂ ಅಭ್ಯಾಸ ಮಾಡುತ್ತಾರೆಯೇ ಎಂದು ಕೇಳಿದ್ದೀರಿ. ನೀವು ನೋಡಿದ್ದನ್ನು ನಾನು ನೋಡಿಲ್ಲ. ಆದರೆ ಅಂಥದ್ದರ ಒಳಗೆ ಒಮ್ಮೆ ಕುಳಿತು ಪೇಚಿಗೆ ಸಿಕ್ಕಿದ್ದೇನೆ.

ನಾನು ಘಟ ನುಡಿಸುವವನು. ಮೈಸೂರಿನ ಕಲಾಶಾಲೆ ಕಾವಾದಲ್ಲಿ ಓದಿದ ಗೆಳೆಯನೊಬ್ಬ ಇಲ್ಲಿಯದೇ ಸಣ್ಣ ಗ್ಯಾಲರಿಯಲ್ಲಿ ಹನ್ನೆರಡು ಮಡಕೆಗಳನ್ನು ತೂಗುಹಾಕಿದ್ದ. ಹೀಗೆ ವಸ್ತುಗಳನ್ನು ಜೋಡಿಸಿಟ್ಟು ಜಾಗವನ್ನೇ ಕೃತಿ ಮಾಡುವುದನ್ನು ಪತ್ರಿಕೆಗಳು ‘ಪ್ರತಿಷ್ಠಾಪನಾ ಕಲೆ’ ಎನ್ನುತ್ತವೆ; ನಮ್ಮ ತಾಯಿ ಆ ಹೆಸರು ಕೇಳಿ, ಯಾವ ದೇವರದಪ್ಪಾ ಎಂದಿದ್ದರು. ಪ್ರತಿ ಮಡಕೆಯ ತಳದಲ್ಲಿ ಸೂಜಿ ತೂರುವಷ್ಟು ತೂತು, ಕೆಳಗೆ ಮಂಡ್ಯ ಕಡೆಯ ಆಲೆಮನೆಯಿಂದ ತಂದ ಹಳೆಯ ಕೊಪ್ಪರಿಗೆ. ನೀರು ತೊಟ್ಟಿಕ್ಕುತ್ತಿರಬೇಕು, ಅದರ ಜೊತೆಗೆ ನಾನು ನುಡಿಸಬೇಕು. ಏನು ನುಡಿಸಲಿ ಎಂದು ಕೇಳಿದರೆ, “ನೀರನ್ನೇ ಕೇಳು” ಎಂದ. ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಮನೋಧರ್ಮ, ಅಂದರೆ ಕಚೇರಿಯಲ್ಲಿ ಆ ಹೊತ್ತಿಗೆ ಹುಟ್ಟಿಸಿ ನುಡಿಸುವುದು, ನಮಗೆ ಹೊಸದಲ್ಲ. ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣೇಶೋತ್ಸವದ ಕಚೇರಿಗೆ ಕುಳಿತವರೆಲ್ಲ ಅದನ್ನು ಕೇಳಿದವರೇ. ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗದಲ್ಲಿ, ಎಲ್ಲೆಲ್ಲಿ ಅಲೆದರೂ ಆದಿತಾಳದ ಎಂಟು ಎಣಿಕೆ ಗೂಟದಂತೆ ನಿಂತಿರುತ್ತದೆ. ಹಗ್ಗ ಎಷ್ಟು ಉದ್ದವಿದ್ದರೂ ಮುಕ್ತಾಯ ಅದರ ಜಾಗಕ್ಕೇ ಬಂದು ಬೀಳಬೇಕು. ಹಾಗಾಗಿ ನಾನು ಗೆಳೆಯನಿಗೆ ತಿಳಿಸದೆ ಮನೆಯಲ್ಲಿ ಇಪ್ಪತ್ತು ನಿಮಿಷದ ಸರಕು ಕಟ್ಟಿಕೊಂಡು ಹೋದೆ.

ಮೊದಲ ಹತ್ತು ನಿಮಿಷ ಮರ್ಯಾದೆ ಹೋಯಿತು. ಹನಿಗಳು ಯಾವ ತಾಳಕ್ಕೂ ಸೊಪ್ಪು ಹಾಕಲಿಲ್ಲ. ನನ್ನದು ತಮಿಳುನಾಡಿನ ಮಾನಾಮದುರೈ ಘಟ, ದಪ್ಪ ಗೋಡೆಯದು, ತೂಕದ್ದು. ಅದರ ನಾದದ ಕೆಳಗೆ ನೀರಿನ ಸದ್ದು ಹೂತುಹೋಯಿತು. ಎದುರಿಗಿದ್ದ ಇಬ್ಬರು ಮೊಬೈಲ್ ತೆಗೆದರು.

ಅಷ್ಟರಲ್ಲಿ ಹನಿಗಳ ನಡುವಿನ ಅಂತರ ಹೆಚ್ಚತೊಡಗಿತು. ಮಡಕೆಯಲ್ಲಿ ನೀರಿನ ಮಟ್ಟ ಇಳಿದಂತೆ ತೂತಿನ ಮೇಲಿನ ಒತ್ತಡವೂ ಇಳಿಯುತ್ತದೆ, ಹನಿ ತಡವಾಗಿ ಕೂಡುತ್ತದೆ. ನಮ್ಮ ಕೈಗಳು ಕೊನೆಗೆ ಬರುತ್ತಾ ದುಡುಕಲು ಪಳಗಿದವು. ಇಲ್ಲಿ ಕಾಲವೇ ನಿಧಾನವಾಗುತ್ತಿತ್ತು. ಗೆಳೆಯನಿಗೂ ಇದು ಗೊತ್ತಿರಲಿಲ್ಲ, ಪ್ರತಿ ಸಲ ಮಡಕೆ ತುಂಬಿಸಿಯೇ ನೋಡಿದ್ದನಂತೆ. ನಾನು ಕೈ ಎತ್ತಿ ಸುಮ್ಮನೆ ಕುಳಿತೆ. ಆಗ ಒಂದು ಪುಟ್ಟ ಹುಡುಗಿ ಬಂದು ಬಾಗಿಲ ಕಡೆಯ ಮಡಕೆಯ ಕೆಳಗೆ ಅಂಗೈ ಒಡ್ಡಿದಳು. ‘ಟಣ್’ ಎನ್ನುತ್ತಿದ್ದ ಒಂದು ಸದ್ದು ನಿಂತಿತು. ಅದು ನಿಂತದ್ದು ನನಗೆ ತಿಳಿಯಿತು ಎಂದರೆ, ಅಷ್ಟು ಹೊತ್ತಿಗೆ ಕಿವಿ ಅಲ್ಲಿ ನೆಟ್ಟಿತ್ತು. ಖಾಲಿಯಾದ ಆ ಜಾಗಕ್ಕೆ ಘಟದ ಕತ್ತಿನ ಮೇಲೆ ಒಂದು ಬೆರಳು ತಟ್ಟಿದೆ. ಹುಡುಗಿ ಕೈ ತೆಗೆದಳು, ಮತ್ತೆ ಒಡ್ಡಿದಳು. ಮುಂದಿನ ಕಾಲು ಗಂಟೆ ನಾವಿಬ್ಬರೂ ಹಾಗೆಯೇ ನುಡಿಸಿದೆವು. ಮನೆಯಿಂದ ಕಟ್ಟಿಕೊಂಡು ಹೋದದ್ದರಲ್ಲಿ ಒಂದು ಸೊಲ್ಲೂ ಹೊರಗೆ ಬರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ: ತಾಲೀಮು ಇರುತ್ತದೆ, ಆದರೆ ಏನು ಮಾಡಬೇಕು ಎಂಬುದರದ್ದೇ ಆಗಬೇಕಿಲ್ಲ. ಬೆರಳಿನ ಇಪ್ಪತ್ತು ವರ್ಷದ ಸಾಧನೆ ಇಲ್ಲದಿದ್ದರೆ ಆ ಒಂದು ಪೆಟ್ಟೂ ಸರಿಯಾಗಿ ಬೀಳುತ್ತಿರಲಿಲ್ಲ. ಇನ್ನು ಕೆಲವು, ತೋಚಿದಂತೆ ನಡೆಯುತ್ತಿದೆ ಎನ್ನಿಸಿದರೂ, ಪೂರ್ತಿ ಬರೆದಿಟ್ಟವು. 1959ರಲ್ಲಿ ನ್ಯೂಯಾರ್ಕಿನ ರೂಬೆನ್ ಗ್ಯಾಲರಿಯಲ್ಲಿ ಅಮೆರಿಕದ ಕಲಾವಿದ ಆಲನ್ ಕ್ಯಾಪ್ರೊ ಪ್ಲಾಸ್ಟಿಕ್ ಹಾಳೆಗಳಿಂದ ಮೂರು ಕೋಣೆ ಮಾಡಿ, ‘ಹ್ಯಾಪನಿಂಗ್’ ಎಂಬ ಹೆಸರಿನಲ್ಲಿ ಆಡಿಸಿದ. ಹೆಸರು ಕೇಳಿದರೆ ತಾನಾಗಿ ಆದದ್ದು ಅನ್ನಿಸುತ್ತದೆ. ಅಲ್ಲಿ ಆಡುವವರ ಚಲನೆಗಳನ್ನು ಬರೆದು ತಾಲೀಮು ಮಾಡಿಸಲಾಗಿತ್ತು. ಪ್ರೇಕ್ಷಕರು ಯಾವಾಗ ಕೋಣೆ ಬದಲಿಸಬೇಕು ಎಂಬುದಕ್ಕೂ ಚೀಟಿ ಕೊಟ್ಟಿದ್ದರು.

ಅಂದಮೇಲೆ ಕಾಳು ಯಾವುದು, ಜೊಳ್ಳು ಯಾವುದು? ನಾನು ಮನಸ್ಸಿನಲ್ಲೇ ಅಲ್ಲಿ ಜೋಡಿಸಿಟ್ಟ ವಸ್ತುಗಳನ್ನೆಲ್ಲ ತೆಗೆದುಬಿಡುತ್ತೇನೆ. ಬರಿಯ ನೆಲದ ಮೇಲೂ ಪ್ರದರ್ಶನ ಹಾಗೆಯೇ ನಡೆಯುತ್ತಿತ್ತು ಅನ್ನಿಸಿದರೆ ಅವು ಬರೀ ರಂಗಸಜ್ಜಿಕೆ. ನಾನು ನೋಡಿದವುಗಳಲ್ಲಿ ಅರ್ಧದಷ್ಟು ಅಂಥವೇ, ನನ್ನ ಮೊದಲ ಹತ್ತು ನಿಮಿಷವೂ ಸೇರಿ. ಅಂಥ ಕಡೆ ಎದ್ದು ಬಂದರೆ ತಪ್ಪೇನಿಲ್ಲ.

ನೀವು ನೋಡಿದವರು ಮುರಿದ ಕುರ್ಚಿಯ ಹತ್ತಿರ ಬಂದಾಗ ಅವರ ನರಳಿಕೆ ಏನಾದರೂ ಬದಲಾಯಿತೇ? ನೆನಪಿದ್ದರೆ ಬರೆಯಿರಿ.