ಎಲ್‌ಎಲ್‌ಡಿಪಿ ನಿಲ್ಲಿಸುವ ಮೊದಲು ಪೋರ್ಟ್ ಯಾವುದೆಂದು ನೋಡಿ

ಮ್ಯಾನೇಜ್ಡ್ ಸ್ವಿಚ್‌ಗಳ ನೆರೆ ಪತ್ತೆಯ ಸೆಟ್ಟಿಂಗ್ ಕುರಿತು, ಅಂದರೆ ಕೇಬಲ್‌ನ ಆಚೆ ತುದಿಯ ಸಾಧನಕ್ಕೆ ಸ್ವಿಚ್ ತನ್ನ ಪರಿಚಯ ಹೇಳಿ ಅದರ ಪರಿಚಯ ಕೇಳುವ ಎಲ್‌ಎಲ್‌ಡಿಪಿ ಮತ್ತು ಅದೇ ಕೆಲಸ ಮಾಡುವ ಸಿಸ್ಕೊ ಕಂಪನಿಯ ಸಿಡಿಪಿ ಕುರಿತು, ಈ ಅಂಕಣಕ್ಕೆ ಪತ್ರಗಳು ಬರುತ್ತಲೇ ಇವೆ. ಊರು, ಸಂಸ್ಥೆ, ಸ್ವಿಚ್‌ನ ಬ್ರ್ಯಾಂಡ್ ಬೇರೆಯಾದರೂ ಬಹುತೇಕ ಪತ್ರಗಳ ಹಿಂದೆ ಇರುವ ತಪ್ಪು ತಿಳಿವಳಿಕೆ ಒಂದೇ: ಇದನ್ನು ಇಡೀ ಸ್ವಿಚ್‌ಗೆ ಒಮ್ಮೆಲೇ ಹಾಕಬೇಕು ಅಥವಾ ಒಮ್ಮೆಲೇ ತೆಗೆಯಬೇಕು ಎಂದು ಬರೆಯುವವರು ನಂಬಿರುತ್ತಾರೆ. ಆದ್ದರಿಂದ ಈ ಬಾರಿ ಒಂದು ಪ್ರಶ್ನೆಗೆ ವಿಸ್ತಾರವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ. ವಿ-ಲ್ಯಾನ್ ಎಂದರೇನು, ಟ್ರಂಕ್ ಪೋರ್ಟ್ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ; ಅಷ್ಟು ತಿಳಿಯದವರು ನಡೆಯುತ್ತಿರುವ ನೆಟ್‌ವರ್ಕ್‌ನ ಸ್ವಿಚ್‌ಗೆ ಕೈ ಹಾಕಬಾರದು.

ಪ್ರಶ್ನೆ: ನಮ್ಮ ಇಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್‌ನ ಭದ್ರತಾ ತಪಾಸಣೆ ನಡೆಸಿದವರು ಎಲ್ಲ ಸ್ವಿಚ್‌ಗಳಲ್ಲಿ ಎಲ್‌ಎಲ್‌ಡಿಪಿ ನಿಲ್ಲಿಸಬೇಕೆಂದು ವರದಿ ಕೊಟ್ಟರು. ನಿಲ್ಲಿಸಿದ ಮೇಲೆ ಹಾಸ್ಟೆಲ್‌ನ ಆಕ್ಸೆಸ್ ಪಾಯಿಂಟ್‌ಗಳ ವೇಗ ಕುಸಿದಿದೆ. ರೀಸ್ಟಾರ್ಟ್ ಆದ ಐಪಿ ಫೋನ್‌ಗಳು ವಾಯ್ಸ್ ವಿ-ಲ್ಯಾನ್‌ಗೆ ಸೇರುತ್ತಿಲ್ಲ. ಮತ್ತೆ ಆನ್ ಮಾಡಿದರೆ ತಪಾಸಕರು ಒಪ್ಪುವುದಿಲ್ಲ. ಏನು ಮಾಡಬೇಕು? (ಹುಬ್ಬಳ್ಳಿಯ ಓದುಗರೊಬ್ಬರು)

ತಪಾಸಕರು ಗುರುತಿಸಿರುವ ಅಪಾಯ ನಿಜವಾದದ್ದು, ಆದರೆ ಅವರು ಸೂಚಿಸಿರುವ ಪರಿಹಾರ ಸರಿಯಲ್ಲ. ಎಲ್‌ಎಲ್‌ಡಿಪಿ ಆನ್ ಆಗಿರುವ ಪೋರ್ಟ್‌ನಿಂದ ಸ್ವಿಚ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತನ್ನ ಪರಿಚಯವನ್ನು ಹೊರಗೆ ಕಳುಹಿಸುತ್ತದೆ. ಆ ಪರಿಚಯದಲ್ಲಿ ಸ್ವಿಚ್‌ನ ಹೆಸರು, ಮಾಡೆಲ್, ಫರ್ಮ್‌ವೇರ್ ಆವೃತ್ತಿ, ಮ್ಯಾನೇಜ್‌ಮೆಂಟ್ ಐಪಿ ವಿಳಾಸ, ಪೋರ್ಟ್‌ನ ವಿ-ಲ್ಯಾನ್ ಸಂಖ್ಯೆ ಇವೆಲ್ಲವೂ ಇರಬಹುದು. 2005ರಲ್ಲಿ ಐಇಇಇ 802.1ಎಬಿ ಎಂಬ ಹೆಸರಿನಲ್ಲಿ ಪ್ರಕಟವಾದ ಈ ಮಾನದಂಡದಲ್ಲಿ ಗೂಢಲಿಪಿಯೂ ಇಲ್ಲ, ಕಳುಹಿಸಿದವರು ಯಾರೆಂದು ದೃಢಪಡಿಸುವ ವ್ಯವಸ್ಥೆಯೂ ಇಲ್ಲ. ತರಗತಿಯ ಗೋಡೆಯ ಸಾಕೆಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಅರ್ಧ ನಿಮಿಷ ಕುಳಿತವರಿಗೆ ಇಷ್ಟೂ ಮಾಹಿತಿ ಸಿಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಸ್ವೀಕರಿಸುವ ಕಡೆಯಲ್ಲೂ ಅಪಾಯವಿದೆ. 2020ರ ಫೆಬ್ರುವರಿಯಲ್ಲಿ ‘ಸಿಡಿಪಿವನ್’ ಎಂಬ ಹೆಸರಿನಲ್ಲಿ ಬಹಿರಂಗವಾದ ಐದು ದೋಷಗಳು ಸಿಸ್ಕೊ ಸಾಧನಗಳು ಒಳಬರುವ ಸಿಡಿಪಿ ಸಂದೇಶಗಳನ್ನು ಓದುವ ಕ್ರಮದಲ್ಲಿದ್ದವು.

ಹಾಗಾದರೆ ಕಳುಹಿಸುವುದರಿಂದ ಮಾಹಿತಿ ಸೋರುತ್ತದೆ, ಸ್ವೀಕರಿಸುವುದರಿಂದ ಫರ್ಮ್‌ವೇರ್‌ನ ದೋಷ ಬಳಕೆಯಾಗಬಹುದು. ಈ ಎರಡನ್ನೂ ಬೇರೆ ಬೇರೆಯಾಗಿ ನಿಯಂತ್ರಿಸಬಹುದೆಂಬ ಕಾರಣಕ್ಕೇ ಮಾನದಂಡವು ಪ್ರತಿಯೊಂದು ಪೋರ್ಟ್‌ಗೂ ನಾಲ್ಕು ಸ್ಥಿತಿಗಳನ್ನು ಕೊಟ್ಟಿದೆ: ಕಳುಹಿಸುವುದು ಮಾತ್ರ, ಸ್ವೀಕರಿಸುವುದು ಮಾತ್ರ, ಎರಡೂ, ಯಾವುದೂ ಇಲ್ಲ. ಸ್ವಿಚ್‌ನ ವೆಬ್ ಪುಟದಲ್ಲಿ ಇದು ಟಿಎಕ್ಸ್ (ಕಳುಹಿಸುವುದು), ಆರ್‌ಎಕ್ಸ್ (ಸ್ವೀಕರಿಸುವುದು) ಎಂಬ ಹೆಸರಿನಲ್ಲಿ ಕಾಣುತ್ತದೆ. ಸಿಸ್ಕೊ ಐಒಎಸ್‌ನಲ್ಲಿ ಇಂಟರ್‌ಫೇಸ್‌ನೊಳಗೆ ‘ನೋ ಎಲ್‌ಎಲ್‌ಡಿಪಿ ಟ್ರಾನ್ಸ್‌ಮಿಟ್’, ‘ನೋ ಎಲ್‌ಎಲ್‌ಡಿಪಿ ರಿಸೀವ್’ ಎಂಬ ಎರಡು ಪ್ರತ್ಯೇಕ ಆದೇಶಗಳಿವೆ. ಎಲ್ಲೆಡೆ ನಿಲ್ಲಿಸಿ ಎಂದು ಬರೆದ ತಪಾಸಕರು ಸ್ಕ್ಯಾನ್ ಸಾಧನ ಕೊಟ್ಟ ವಾಕ್ಯವನ್ನು ವರದಿಗೆ ಹಾಗೆಯೇ ಇಳಿಸಿದ್ದಾರೆ; ನಿಮ್ಮ ಪೋರ್ಟ್‌ಗಳಿಗೆ ಏನೇನು ಜೋಡಣೆಯಾಗಿದೆ ಎಂದು ನೋಡಿದ ಲಕ್ಷಣ ಅದರಲ್ಲಿಲ್ಲ.

ಈಗ ನಿಮ್ಮ ಆಕ್ಸೆಸ್ ಪಾಯಿಂಟ್‌ಗಳ ವಿಷಯ. ಕೇಬಲ್ ಮೂಲಕ ವಿದ್ಯುತ್ ಕೊಡುವ ಪಿಒಇಯಲ್ಲಿ, 2003ರ 802.3ಎಎಫ್ ಪ್ರಕಾರ ಸ್ವಿಚ್ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಕೇಬಲ್‌ನಲ್ಲಾಗುವ ನಷ್ಟ ಕಳೆದು ಸಾಧನ 12.95 ವ್ಯಾಟ್ ನೆಚ್ಚಬಹುದು; 2009ರ 802.3ಎಟಿ ಪ್ರಕಾರ ಈ ಅಂಕಿಗಳು 30 ಮತ್ತು 25.5. ಜೋಡಿಸಿದ ಕ್ಷಣದಲ್ಲಿ ಹಾರ್ಡ್‌ವೇರ್ ಮಟ್ಟದಲ್ಲಿ ಒಂದು ವರ್ಗ ನಿರ್ಧಾರವಾಗುತ್ತದೆ, ನಿಜ. ಆದರೆ ಅನೇಕ ಆಕ್ಸೆಸ್ ಪಾಯಿಂಟ್‌ಗಳು ತಮಗೆ ನಿಜವಾಗಿ ಎಷ್ಟು ಬೇಕೆಂಬುದನ್ನು ಆಮೇಲೆ ಎಲ್‌ಎಲ್‌ಡಿಪಿ ಮೂಲಕವೇ, ಒಂದು ವ್ಯಾಟ್‌ನ ಹತ್ತನೆಯ ಒಂದು ಭಾಗದ ನಿಖರತೆಯಲ್ಲಿ, ಕೇಳುತ್ತವೆ. ಆ ಮಾತುಕತೆ ನಡೆಯದಿದ್ದರೆ ಅಂಥ ಸಾಧನ ಕಡಿಮೆ ವಿದ್ಯುತ್ತಿನ ಸ್ಥಿತಿಯಲ್ಲೇ ಉಳಿದು, ಮಾಡೆಲ್‌ಗೆ ತಕ್ಕಂತೆ ಕೆಲವು ಆಂಟೆನಾಗಳನ್ನೋ ಒಂದು ಇಡೀ ರೇಡಿಯೊವನ್ನೋ ಬಂದ್ ಮಾಡುತ್ತದೆ. ಹಾಸ್ಟೆಲ್‌ನಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ. ಸ್ವಿಚ್‌ನ ಪಿಒಇ ಪುಟದಲ್ಲಿ ಆ ಪೋರ್ಟ್‌ಗೆ ಹಂಚಿಕೆಯಾದ ವ್ಯಾಟ್ ಎಷ್ಟು, ಆಕ್ಸೆಸ್ ಪಾಯಿಂಟ್‌ನ ಕೈಪಿಡಿ ಪೂರ್ಣ ಸಾಮರ್ಥ್ಯಕ್ಕೆ ಕೇಳುವ ವ್ಯಾಟ್ ಎಷ್ಟು ಎಂಬುದನ್ನು ಹೋಲಿಸಿ ನೋಡಿ. ಐದು ನಿಮಿಷದಲ್ಲಿ ಖಚಿತವಾಗುತ್ತದೆ. ಆಕ್ಸೆಸ್ ಪಾಯಿಂಟ್ ಬದಲಿಸಲು ಕೊಟೇಶನ್ ತರಿಸಿದ್ದರೆ ದಯವಿಟ್ಟು ಅದನ್ನು ಬದಿಗಿಡಿ.

ಒಂದು ಕಾರ್ಖಾನೆಯಲ್ಲಿ ಹೊರಾಂಗಣದ ಕ್ಯಾಮೆರಾಗಳು ದಿನವೂ ಸಂಜೆ ತಾವಾಗಿಯೇ ರೀಸ್ಟಾರ್ಟ್ ಆಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಕತ್ತಲಾಗಿ ಅವುಗಳ ಇನ್‌ಫ್ರಾರೆಡ್ ದೀಪ ಹತ್ತಿದೊಡನೆ ಬೇಡಿಕೆ ಹೆಚ್ಚುತ್ತಿತ್ತು. ಹಂಚಿಕೆಯ ಮಿತಿ ಮೀರಿದೊಡನೆ ಸ್ವಿಚ್ ವಿದ್ಯುತ್ ಕಡಿಯುತ್ತಿತ್ತು. ಅಲ್ಲಿಯೂ ಗುತ್ತಿಗೆದಾರರೊಬ್ಬರು ‘ಹಾರ್ಡನಿಂಗ್ ಸ್ಕ್ರಿಪ್ಟ್’ ಎಂಬ ಹೆಸರಿನ ಸಿದ್ಧ ಆದೇಶಗಳ ಕಂತೆಯನ್ನು ಎಲ್ಲ ಸ್ವಿಚ್‌ಗಳಿಗೂ ಅಂಟಿಸಿ ಹಣ ಪಡೆದು ಹೋಗಿದ್ದರು. ತಾನು ಬರೆಯದ, ಸಾಲು ಸಾಲಾಗಿ ಓದದ ಆದೇಶಗಳನ್ನು ಬೇರೊಬ್ಬರ ಸ್ವಿಚ್‌ಗೆ ಹಾಕುವುದನ್ನು ಭದ್ರತೆಯ ಕೆಲಸ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಫೋನ್‌ಗಳ ಕಾರಣ ಬೇರೆ. ಐಪಿ ಫೋನ್ ಎದ್ದೊಡನೆ ತಾನು ಫೋನ್ ಎಂದು ಎಲ್‌ಎಲ್‌ಡಿಪಿಯ ವಿಸ್ತರಣೆಯಾದ ಎಲ್‌ಎಲ್‌ಡಿಪಿ-ಎಂಇಡಿ ಮೂಲಕ ಸ್ವಿಚ್‌ಗೆ ತಿಳಿಸುತ್ತದೆ, ಮತ್ತು ಸ್ವಿಚ್ ಅದಕ್ಕೆ ಧ್ವನಿಯನ್ನು ಇಂಥ ವಿ-ಲ್ಯಾನ್‌ನಲ್ಲಿ, ಟ್ಯಾಗ್ ಹಚ್ಚಿ, ಇಂಥ ಆದ್ಯತೆಯಲ್ಲಿ ಕಳುಹಿಸು ಎಂದು ಉತ್ತರಿಸುತ್ತದೆ. ಸಾಮಾನ್ಯವಾಗಿ ಆದ್ಯತೆ 5, ಐಪಿ ಮಟ್ಟದ ಆದ್ಯತೆಯ ಗುರುತಾದ ಡಿಎಸ್‌ಸಿಪಿ 46. 2006ರ ಟಿಐಎ-1057 ಮಾನದಂಡ ಇದನ್ನೇ ವಿವರಿಸುತ್ತದೆ. ಉತ್ತರ ಬಾರದಿದ್ದರೆ ಫೋನ್ ಡೇಟಾ ವಿ-ಲ್ಯಾನ್‌ನಲ್ಲೇ ಉಳಿದು ಅಲ್ಲಿನ ಡಿಎಚ್‌ಸಿಪಿಯಿಂದ ವಿಳಾಸ ಪಡೆಯುತ್ತದೆ. ಎಲ್‌ಎಲ್‌ಡಿಪಿ ನಿಲ್ಲಿಸಿದ ದಿನ ಏನೂ ಆಗದೆ, ಆಮೇಲೆ ಕರೆಂಟ್ ಹೋಗಿ ಬಂದ ಫೋನ್‌ಗಳು ಮಾತ್ರ ಕೆಟ್ಟಂತೆ ಕಾಣುವುದು ಇದರಿಂದಲೇ. ಪ್ರತಿ ಫೋನ್‌ನ ಮೆನುವಿನಲ್ಲಿ ವಿ-ಲ್ಯಾನ್ ಸಂಖ್ಯೆಯನ್ನು ಕೈಯಾರೆ ತುಂಬಿಸುವ ಸಲಹೆ ಕೊಡುವವರ ಮಾತು ಕೇಳಬೇಡಿ. ಮುಂದೆ ವಿ-ಲ್ಯಾನ್ ಬದಲಾದ ದಿನ ಆ ಕೆಲಸವನ್ನೆಲ್ಲ ಮತ್ತೆ ನೀವೇ ಮಾಡಬೇಕಾಗುತ್ತದೆ.

ಆದ್ದರಿಂದ ಪೋರ್ಟ್‌ಗಳನ್ನು ವಿಂಗಡಿಸಿ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್‌ಗಳಲ್ಲಿ ಕಳುಹಿಸುವುದು, ಸ್ವೀಕರಿಸುವುದು ಎರಡೂ ಇರಲಿ, ಎಲ್ಲ ಮಾಹಿತಿಯೂ ಹೋಗಲಿ. ಪ್ಯಾಚ್ ಪ್ಯಾನೆಲ್‌ನ ಚೀಟಿಗಳು ಕಿತ್ತುಹೋದ ಕಟ್ಟಡದಲ್ಲಿ ಯಾವ ಫೈಬರ್ ಎಲ್ಲಿಗೆ ಹೋಗಿದೆ ಎಂಬುದಕ್ಕೆ ನೆರೆ ಪಟ್ಟಿಯಷ್ಟು ನಂಬಿಕೆಯ ದಾಖಲೆ ಬೇರೆ ಸಿಗುವುದಿಲ್ಲ. ಅದನ್ನು ಕಳೆದುಕೊಂಡು ನೆಟ್‌ವರ್ಕ್ ನಡೆಸುವುದು ನನ್ನ ದೃಷ್ಟಿಯಲ್ಲಿ ತಪಾಸಕರು ಹೇಳಿದ ಅಪಾಯಕ್ಕಿಂತ ದೊಡ್ಡ ಅಪಾಯ. ಫೋನ್ ಮತ್ತು ಆಕ್ಸೆಸ್ ಪಾಯಿಂಟ್ ಪೋರ್ಟ್‌ಗಳಲ್ಲೂ ಎರಡೂ ಬೇಕು, ಆದರೆ ಅಲ್ಲಿ ಸಿಸ್ಟಮ್ ವಿವರಣೆ, ಪೋರ್ಟ್ ವಿವರಣೆ ಮತ್ತು ಮ್ಯಾನೇಜ್‌ಮೆಂಟ್ ವಿಳಾಸ ಎಂಬ ಮೂರು ಟಿಎಲ್‌ವಿಗಳನ್ನು (ಪರಿಚಯ ಸಂದೇಶದ ಮಾಹಿತಿ ತುಣುಕುಗಳನ್ನು) ತೆಗೆದುಹಾಕಿ. ಇವು ಐಚ್ಛಿಕ, ಫೋನ್‌ಗೂ ವಿದ್ಯುತ್ ಮಾತುಕತೆಗೂ ಬೇಕಾಗಿಲ್ಲ. ಚಾಸಿಸ್ ಗುರುತು, ಪೋರ್ಟ್ ಗುರುತು, ಆಯುಷ್ಯ (ಮಾಹಿತಿ ಎಷ್ಟು ಹೊತ್ತು ಉಳಿಯಬೇಕೆಂಬುದು) ಮತ್ತು ಅಂತ್ಯಸೂಚಕ ಮಾತ್ರ ಕಡ್ಡಾಯ. ಚಾಸಿಸ್ ಗುರುತಾಗಿ ಹೋಗುವುದು ಬಹುತೇಕ ಸ್ವಿಚ್‌ನ ಮ್ಯಾಕ್ ವಿಳಾಸವಾದ್ದರಿಂದ ತಯಾರಕರು ಯಾರೆಂಬುದು ಆಗಲೂ ತಿಳಿಯುತ್ತದೆ. ಅದನ್ನು ಮರೆಮಾಡಲು ಹೆಣಗಬೇಡಿ.

ತರಗತಿ, ಪ್ರಯೋಗಾಲಯ, ಹಾಸ್ಟೆಲ್ ಕೊಠಡಿಗಳ ಗೋಡೆ ಸಾಕೆಟ್‌ಗಳಲ್ಲಿ ಕಳುಹಿಸುವುದನ್ನು ನಿಲ್ಲಿಸಿ, ಸ್ವೀಕರಿಸುವುದನ್ನು ಇಟ್ಟುಕೊಳ್ಳಿ. ವಿದ್ಯಾರ್ಥಿಗಳು ತಂದು ಸಿಕ್ಕಿಸುವ ರೂಟರ್‌ಗಳಲ್ಲಿ ಎಲ್‌ಎಲ್‌ಡಿಪಿ ಮಾತನಾಡುವವು ಇದರಿಂದ ಕಣ್ಣಿಗೆ ಬೀಳುತ್ತವೆ. ಆದರೆ ಫರ್ಮ್‌ವೇರ್ ನವೀಕರಣ ನಿಂತುಹೋದ ಹಳೆಯ ಸ್ವಿಚ್ ಆಗಿದ್ದರೆ ಅಲ್ಲಿ ಎರಡನ್ನೂ ನಿಲ್ಲಿಸುವುದೇ ಸರಿ. ಇಂಟರ್ನೆಟ್ ಪೂರೈಕೆದಾರರ ಕಡೆಗಿನ ಪೋರ್ಟ್‌ನಲ್ಲಿ ಎರಡೂ ಬೇಡ. ಸಿಸ್ಕೊ ಐಒಎಸ್ ಸ್ವಿಚ್ ಇದ್ದರೆ ಸಿಡಿಪಿಯನ್ನು ಮರೆಯಬೇಡಿ. ಅವುಗಳಲ್ಲಿ ಸಿಡಿಪಿ ಮೊದಲಿನಿಂದಲೇ ಆನ್ ಆಗಿರುತ್ತದೆ, 60 ಸೆಕೆಂಡಿಗೊಮ್ಮೆ ಇದೇ ಮಾಹಿತಿಯನ್ನು ಕಳುಹಿಸುತ್ತಿರುತ್ತದೆ. ಎಲ್‌ಎಲ್‌ಡಿಪಿ ಒಂದನ್ನೇ ನಿಲ್ಲಿಸಿ ವರದಿಗೆ ಟಿಕ್ ಹಾಕುವುದು ಮುಂಬಾಗಿಲಿಗೆ ಅಗಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ.

ಮತ್ತೆ ಆನ್ ಮಾಡುವಾಗ ಅವಸರ ಬೇಡ. ಹಾಸ್ಟೆಲ್‌ನ ಆಕ್ಸೆಸ್ ಪಾಯಿಂಟ್‌ಗಳೆಲ್ಲ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದಾಗ ಸ್ವಿಚ್‌ನ ಒಟ್ಟು ಬಜೆಟ್ ಸಾಲದೆ ಹೋಗಬಹುದು. 24 ಪೋರ್ಟ್‌ಗಳಿರುವ, 370 ವ್ಯಾಟ್ ಬಜೆಟ್‌ನ ಸ್ವಿಚ್ 30 ವ್ಯಾಟ್‌ನಂತೆ ಹನ್ನೆರಡು ಪೋರ್ಟ್‌ಗಳಿಗಷ್ಟೇ ಪೂರೈಸಬಲ್ಲದು. ಮೊದಲು ಲೆಕ್ಕ ಹಾಕಿ, ಮುಖ್ಯ ಪೋರ್ಟ್‌ಗಳಿಗೆ ಪಿಒಇ ಆದ್ಯತೆ ಕೊಟ್ಟು, ನಂತರ ಒಂದೊಂದೇ ಸ್ವಿಚ್‌ನಲ್ಲಿ ಬದಲಾಯಿಸಿ. ತಾನಾಗಿ ಹೆಚ್ಚು ಕೇಳದ ಸಾಧನವಿದ್ದರೆ ಆ ಪೋರ್ಟ್‌ನ ವಿದ್ಯುತ್ತನ್ನು ಒಮ್ಮೆ ತೆಗೆದು ಕೊಡಿ. ಒಂದು ದಿನ ನೋಡಿ, ಎಲ್ಲವೂ ಸರಿಯಿದೆ ಎಂದಾದ ಮೇಲೆ ಕಾನ್ಫಿಗರೇಶನ್ ಸೇವ್ ಮಾಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಲ್ಯಾಪ್‌ಟಾಪ್ ಕೂಡ ತಾನು ಫೋನ್ ಎಂದು ಎಲ್‌ಎಲ್‌ಡಿಪಿ-ಎಂಇಡಿಯಲ್ಲಿ ಹೇಳಿಕೊಳ್ಳಬಹುದು, ಸ್ವಿಚ್ ಅದನ್ನು ನಂಬಿ ವಾಯ್ಸ್ ವಿ-ಲ್ಯಾನ್ ಸಂಖ್ಯೆಯನ್ನು ಕೊಡುತ್ತದೆ. ಆದ್ದರಿಂದ ವಾಯ್ಸ್ ವಿ-ಲ್ಯಾನ್‌ನಿಂದ ಕಾಲೇಜಿನ ಸರ್ವರ್‌ಗಳಿಗೆ ದಾರಿ ಇರಬಾರದು. ಅಲ್ಲಿ ಕರೆಗೆ ಬೇಕಾದಷ್ಟೇ ಬಿಟ್ಟು ಉಳಿದದ್ದನ್ನು ಎಸಿಎಲ್ (ಯಾವುದಕ್ಕೆ ದಾರಿ, ಯಾವುದಕ್ಕೆ ತಡೆ ಎಂಬ ನಿಯಮಪಟ್ಟಿ) ತಡೆಯಬೇಕು. ಸಾಧನ ಯಾವುದೆಂದು ದೃಢಪಡಿಸಲು 802.1ಎಕ್ಸ್ ಇದೆ. ನೆರೆ ಸಾಧನ ಹೇಳಿಕೊಂಡ ಪರಿಚಯವನ್ನು ನೋಡಿ ಪೋರ್ಟ್‌ನ ವಿ-ಲ್ಯಾನ್‌ಗಳನ್ನೂ ಟ್ರಂಕ್ ಸ್ಥಿತಿಯನ್ನೂ ತಾನಾಗಿ ಬದಲಿಸುವ ಸೌಲಭ್ಯ ಕೆಲವು ಸ್ವಿಚ್‌ಗಳಲ್ಲಿರುತ್ತದೆ. ಸಾರ್ವಜನಿಕರ ಕೈಗೆ ಎಟಕುವ ಪೋರ್ಟ್‌ನಲ್ಲಿ ಅದನ್ನು ಎಂದಿಗೂ ಆನ್ ಮಾಡಬೇಡಿ. ನಾನು ನೋಡಿಕೊಳ್ಳುವ ಯಾವ ನೆಟ್‌ವರ್ಕ್‌ನಲ್ಲೂ ಅದಕ್ಕೆ ಅವಕಾಶ ಕೊಡುವುದಿಲ್ಲ.

ತಪಾಸಕರಿಗೆ ಈ ವಿಂಗಡಣೆಯನ್ನೇ ಬರೆದು ಕೊಡಿ: ಯಾವ ಬಗೆಯ ಪೋರ್ಟ್, ಯಾವ ಸ್ಥಿತಿ, ಏಕೆ, ಉಳಿಯುವ ಅಪಾಯವೇನು. ಓದಿ ಅರ್ಥಮಾಡಿಕೊಳ್ಳುವ ತಪಾಸಕರು ಒಪ್ಪುತ್ತಾರೆ. ಒಪ್ಪದಿದ್ದರೆ, ಹಾಸ್ಟೆಲ್‌ನ ವೈ-ಫೈ ಮತ್ತು ಫೋನ್‌ಗಳ ಹೊಣೆಯನ್ನು ಅವರು ಲಿಖಿತವಾಗಿ ವಹಿಸಿಕೊಳ್ಳಲಿ ಎಂದು ಪ್ರಾಂಶುಪಾಲರ ಮೂಲಕ ಕೇಳಿಸಿ.

ಪ್ರಶ್ನೆ: ಒಂದೇ ಪೋರ್ಟ್‌ನಲ್ಲಿ ನಾಲ್ಕು ನೆರೆ ಸಾಧನಗಳು ಕಾಣುತ್ತಿವೆ. ಯಾರಾದರೂ ಹ್ಯಾಕ್ ಮಾಡಿದ್ದಾರೆಯೇ?

ಹ್ಯಾಕ್ ಎಂದು ಹೆದರಿಸಿದವರು ಆ ಕೇಬಲ್ಲಿನ ಜಾಡು ಹಿಡಿದು ಹೋಗಿ ನೋಡಿಲ್ಲ. ಮೇಜಿನ ಕೆಳಗೆ ಎಲ್ಲೋ ಒಂದು ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್ ಇರುವ ಸಾಧ್ಯತೆಯೇ ಹೆಚ್ಚು. ಎಲ್‌ಎಲ್‌ಡಿಪಿ ಬಳಸುವ 01-80-ಸಿ2-00-00-0ಇ ಎಂಬ ವಿಳಾಸಕ್ಕೆ ಬಂದದ್ದನ್ನು ಯಾವ ಬ್ರಿಡ್ಜ್ (ಅಂದರೆ ಸ್ವಿಚ್) ಕೂಡ ಮುಂದಕ್ಕೆ ದಾಟಿಸಬಾರದೆಂದು ಮಾನದಂಡ ಹೇಳಿದರೂ ಅಂಥ ಎಷ್ಟೋ ಸ್ವಿಚ್‌ಗಳು ದಾಟಿಸುತ್ತವೆ. ಅದರಾಚೆಗಿನ ಸಾಧನಗಳೆಲ್ಲ ಒಂದೇ ಪೋರ್ಟ್‌ನಲ್ಲಿ ಕಾಣಿಸುತ್ತವೆ. ನಿಯಮ ಪಾಲಿಸುವ ಸ್ವಿಚ್ ನಡುವೆ ಇದ್ದರೆ ಅದು ಸಂದೇಶವನ್ನು ನುಂಗಿಬಿಡುತ್ತದೆ, ಆಗ ಆಚೆಗಿನ ಯಾವ ಸಾಧನವೂ ಕಾಣದು.

ಪ್ರಶ್ನೆ: ಸರ್ವರ್‌ನಲ್ಲಿ ಎಲ್‌ಎಲ್‌ಡಿಪಿ ತಂತ್ರಾಂಶ ನಡೆಯುತ್ತಿದೆ, ಆದರೆ ಅದಕ್ಕೆ ಸ್ವಿಚ್ ಕಾಣುವುದಿಲ್ಲ. ನೆಟ್‌ವರ್ಕ್ ಕಾರ್ಡ್ ಇಂಟೆಲ್ ಎಕ್ಸ್710.

ಆ ಕಾರ್ಡ್‌ನ ಫರ್ಮ್‌ವೇರ್‌ನಲ್ಲೇ ಒಂದು ಎಲ್‌ಎಲ್‌ಡಿಪಿ ಏಜೆಂಟ್ ಇದ್ದು, ಬಂದ ಸಂದೇಶಗಳನ್ನು ಆಪರೇಟಿಂಗ್ ಸಿಸ್ಟಮ್‌ಗೆ ತಲುಪಿಸದೆ ತಾನೇ ಇಟ್ಟುಕೊಳ್ಳುತ್ತದೆ; ಲಿನಕ್ಸ್‌ನಲ್ಲಿ ಇಥ್‌ಟೂಲ್ ಮೂಲಕ ‘ಡಿಸೇಬಲ್-ಎಫ್‌ಡಬ್ಲ್ಯೂ-ಎಲ್‌ಎಲ್‌ಡಿಪಿ’ ಎಂಬ ಫ್ಲ್ಯಾಗ್ ಅನ್ನು ಆನ್ ಮಾಡಿ.

ಪ್ರಶ್ನೆ: ಬದಲಾವಣೆ ಬೇಗ ಕಾಣಲೆಂದು 30 ಸೆಕೆಂಡನ್ನು 5ಕ್ಕೆ ಇಳಿಸಬಹುದೇ?

ಬೇಡ. ಹೊಸ ಫೋನ್ ಬಂದಾಗ ಸೆಕೆಂಡಿಗೊಂದರಂತೆ ಕೆಲವು ಸಂದೇಶಗಳನ್ನು ಕಳುಹಿಸುವ ಫಾಸ್ಟ್ ಸ್ಟಾರ್ಟ್ ಈಗಾಗಲೇ ಇದೆ. ಕೇಬಲ್ ಕಿತ್ತ ಮೇಲೂ ಕೆಲವು ಸ್ವಿಚ್‌ಗಳಲ್ಲಿ ಹಳೆಯ ಹೆಸರು ಎರಡು ನಿಮಿಷ ಉಳಿಯುವುದು 30ನ್ನು ನಾಲ್ಕರಿಂದ ಗುಣಿಸಿದ ಆಯುಷ್ಯದ ಕಾರಣದಿಂದ, ಅದು ದೋಷವಲ್ಲ.

ಪ್ರಶ್ನೆ: ಎಲ್‌ಎಲ್‌ಡಿಪಿಯಿಂದ ಇಂಟರ್ನೆಟ್ ನಿಧಾನವಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದರು.

ಅರ್ಧ ನಿಮಿಷಕ್ಕೆ ಒಂದು ಸಣ್ಣ ಫ್ರೇಮ್‌ನಿಂದ ಏನೂ ನಿಧಾನವಾಗುವುದಿಲ್ಲ. ಆ ತರಬೇತಿಗೆ ಮತ್ತೆ ಹಣ ಕೊಡಬೇಡಿ.

ಪ್ರಶ್ನೆ: ಎಲ್‌ಎಲ್‌ಡಿಪಿ ಆನ್ ಇದ್ದರೆ ಲೂಪ್ ಆಗುವುದಿಲ್ಲ ಅಲ್ಲವೇ?

ಆಗುತ್ತದೆ. ಕೇಬಲ್‌ಗಳು ವೃತ್ತವಾಗಿ ಸೇರಿ ಸಂದೇಶಗಳು ಸುತ್ತುತ್ತಲೇ ಇರುವ ಲೂಪನ್ನು ತಡೆಯುವುದು ಸ್ಪ್ಯಾನಿಂಗ್ ಟ್ರೀ ಎಂಬ ಬೇರೆ ಪ್ರೋಟೋಕಾಲ್‌ನ ಕೆಲಸ.

ಪ್ರಶ್ನೆ: ಐಪಿವಿ6ರಲ್ಲೂ ನೈಬರ್ ಡಿಸ್ಕವರಿ ಎಂಬುದಿದೆ. ತಪಾಸಕರ ಮಾತಿನಂತೆ ಅದನ್ನೂ ಫೈರ್‌ವಾಲ್‌ನಲ್ಲಿ ತಡೆಯಬೇಕೇ?

ಹೆಸರು ಒಂದೇ ರೀತಿ ಇದ್ದರೂ ಎಲ್‌ಎಲ್‌ಡಿಪಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಐಸಿಎಂಪಿವಿ6ರ ಭಾಗ, ಐಪಿ ವಿಳಾಸಕ್ಕೆ ತಕ್ಕ ಮ್ಯಾಕ್ ವಿಳಾಸ ಹುಡುಕುವ, ಐಪಿವಿ4ರಲ್ಲಿ ಎಆರ್‌ಪಿ ಮಾಡುವ ಕೆಲಸವನ್ನು ಐಪಿವಿ6ರಲ್ಲಿ ಅದೇ ಮಾಡುತ್ತದೆ. ತಡೆದರೆ ಪಕ್ಕದ ಯಂತ್ರದ ವಿಳಾಸವೂ ರೂಟರ್‌ನ ವಿಳಾಸವೂ ಸಿಗದೆ ಐಪಿವಿ6 ಸಂಪರ್ಕವೇ ನಿಂತುಹೋಗುತ್ತದೆ. ಸುಳ್ಳು ರೂಟರ್ ಘೋಷಣೆಗಳ ಭಯವಿದ್ದರೆ ಸ್ವಿಚ್‌ನ ಬಳಕೆದಾರರ ಪೋರ್ಟ್‌ಗಳಲ್ಲಿ ಅಂಥವನ್ನು ತಡೆಯುವ ಆರ್‌ಎ ಗಾರ್ಡ್ ಹಾಕಿ, ಫೈರ್‌ವಾಲ್‌ಗೆ ಕೈ ಹಾಕಬೇಡಿ.