ರಜೆ ಮುಗಿಯುವ ಮುನ್ನ ಬಂದ ರಂಗ್ರೂಟ್

ಉತ್ತರ ಕರ್ನಾಟಕದ ಹಳ್ಳಿಯೊಂದರ 19 ವರ್ಷದ ಈ ಯುವಕ ಅಗ್ನಿವೀರನಾಗಿ, ಅಂದರೆ ನಾಲ್ಕು ವರ್ಷಗಳ ಅವಧಿಯ ಸೈನಿಕನಾಗಿ, ಭೂಸೇನೆ ಸೇರಿದ ರಂಗ್ರೂಟ್ (ತರಬೇತಿಯಲ್ಲಿರುವ ಹೊಸಬ). ಮೂಲ ತರಬೇತಿ ಮುಗಿಸಿ, ಚಾಲಕನ ಟ್ರೇಡ್ (ಕೆಲಸದ) ತರಬೇತಿಯ ನಡುವೆ ಸಿಕ್ಕ ರಜೆಯಲ್ಲಿ ತಾಯಿಯೊಂದಿಗೆ ಸಲಹೆಗಾಗಿ ನನ್ನ ಬಳಿ ಬಂದಿದ್ದ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ರಜೆ ಮುಗಿಯಲು ನಾಲ್ಕು ದಿನಗಳಿದ್ದವು. ಮರಳಿ ಹೋಗಲಾರೆ ಎಂಬುದೊಂದನ್ನು ಬಿಟ್ಟು ಆತ ಮನೆಯಲ್ಲಿ ಬೇರೇನೂ ಹೇಳಿರಲಿಲ್ಲ.

ಉಸ್ತಾದರ (ತರಬೇತುದಾರರ) ಬೈಗುಳ, ‘ರಗಡಾ’ ಎಂಬ ಮೈಮುರಿಯುವ ಶಿಕ್ಷೆ ಇವೇ ಕಾರಣವೆಂದು ನಾನು ಊಹಿಸಿದ್ದು ತಪ್ಪಾಗಿತ್ತು. ಮೊದಲ ತಿಂಗಳುಗಳ ಓಟ, ಡ್ರಿಲ್, ಫೈರಿಂಗ್‌ಗಳನ್ನು ಆತ ಹೆಮ್ಮೆಯಿಂದಲೇ ವಿವರಿಸಿದ. ಕಷ್ಟ ಶುರುವಾದದ್ದು ಕುಳಿತು ಕಲಿಯುವ ದಿನಗಳಲ್ಲಿ. ನಸುಕಿನ ನಾಲ್ಕೂವರೆಗೆ ಎದ್ದು, ಸ್ನಾನಕ್ಕೆ ಸಾಲು ನಿಂತು, ಗಡ್ಡ ಬೋಳಿಸಿ, ಪಿಟಿ ಮುಗಿಸಿ, ಲಂಗರಿನಲ್ಲಿ (ಸೈನಿಕರ ಊಟದ ಮನೆಯಲ್ಲಿ) ಅವಸರದಿಂದ ತಿಂದು ತರಗತಿಗೆ ಬಂದರೆ, ಹಿಂದಿಯಲ್ಲಿ ಸಾಗುವ ಎಂಜಿನ್ ಪಾಠದ ನಡುವೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ತೂಕಡಿಸಿದವನು ಎದ್ದು ಹಿಂದೆ ನಿಲ್ಲಬೇಕು. ಮಧ್ಯಾಹ್ನ ಗಾಡಿಗಳ ನಿರ್ವಹಣೆ, ಸಂಜೆ ಆಟ, ಆಮೇಲೆ ರೋಲ್ ಕಾಲ್, ಬೂಟ್ ಪಾಲಿಶ್, ಸರದಿ ಬಂದ ರಾತ್ರಿ ಎರಡು ಗಂಟೆ ಪಹರೆ. ಪಾಠದಲ್ಲಿ ಅರ್ಧ ಮಾತ್ರ ತಿಳಿಯುತ್ತಿತ್ತು, ಕೇಳಲು ನಾಚಿಕೆ. ಮೊಣಕಾಲ ಕೆಳಗಿನ ಮೂಳೆ ವಾರಗಳಿಂದ ನೋಯುತ್ತಿದ್ದರೂ, ರೆಲಿಗೇಟ್ ಮಾಡಿ ಕಿರಿಯ ಬ್ಯಾಚಿಗೆ ತಳ್ಳುತ್ತಾರೆಂಬ ಭಯದಿಂದ ಅದನ್ನು ಮುಚ್ಚಿಟ್ಟಿದ್ದ.

ಮನೆಯ ಲೆಕ್ಕಾಚಾರವೂ ಹಗುರವಾಗಿರಲಿಲ್ಲ. ಮೊದಲ ವರ್ಷದ 30,000 ರೂಪಾಯಿ ವೇತನದಲ್ಲಿ 9,000 ಸೇವೆಯ ಕೊನೆಗೆ ಸಿಗುವ ಇಡುಗಂಟಿನ ನಿಧಿಗೆ ಹೋಗಿ 21,000 ಕೈಗೆ ಬರುತ್ತದೆ. ನಾಲ್ಕು ವರ್ಷಗಳ ಕೊನೆಗೆ ಬರುವ ಸುಮಾರು 11.71 ಲಕ್ಷದ ಸೇವಾ ನಿಧಿಯನ್ನು ತಂದೆ ಆಗಲೇ ಮಗಳ ಮದುವೆಗೂ ಕೊಳವೆಬಾವಿಗೂ ಹಂಚಿಬಿಟ್ಟಿದ್ದರು. ಇತ್ತ ತಾಯಿ ಪ್ರತಿ ಫೋನಿನಲ್ಲೂ “ಸಾಕಾಗಿದ್ರ ಬಂದ್ಬಿಡೋ ಯಪ್ಪಾ” ಎನ್ನುತ್ತಿದ್ದರು. ಈ ಎರಡು ಮಾತುಗಳ ನಡುವೆ ಹುಡುಗನಿಗೆ ನಿದ್ದೆ ಬರದಿದ್ದುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಬಿಡುವುದೋ ಉಳಿಯುವುದೋ ಎಂಬ ತೀರ್ಮಾನವನ್ನು ರಜೆಯಲ್ಲಿ, ಮನೆಯ ಕಟ್ಟೆಯ ಮೇಲೆ ಕುಳಿತು ಮಾಡಬಾರದೆಂದು ಮೊದಲು ಹೇಳಿದೆ. ಅನುಮತಿಯಿಲ್ಲದೆ ರಜೆ ಮೀರುವುದು 1950ರ ಸೇನಾ ಕಾಯ್ದೆಯಡಿ ಅಪರಾಧ. 30 ದಿನ ಕಳೆದರೆ ವಿಚಾರಣಾ ಮಂಡಳಿಯೇ ಕೂರಬಹುದು. ಬಿಡುವುದೇ ಆದರೂ ಹಾಜರಾಗಿ, ಅಧಿಕಾರಿಗಳ ಮುಂದೆ ಕೇಳಿಯೇ ಬಿಡಬೇಕು. ಮರಳಿ ತಲುಪಿದ ದಿನವೇ ಕಾಲುನೋವನ್ನು ಎಂಐ ರೂಮಿನಲ್ಲಿ (ಸೇನೆಯ ವೈದ್ಯಕೀಯ ತಪಾಸಣಾ ಕೊಠಡಿಯಲ್ಲಿ) ತಿಳಿಸಬೇಕೆಂದು ಒತ್ತಾಯಿಸಿದೆ, ಏಕೆಂದರೆ ಹೊಸಬರ ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಅಪರೂಪವಲ್ಲ ಮತ್ತು ಓಡಿದಷ್ಟೂ ಅದು ಹೆಚ್ಚುತ್ತದೆ. ಪಾಠದ ಹಿಂದಿ ಪದಗಳನ್ನು ಕನ್ನಡ ಲಿಪಿಯಲ್ಲಿ ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಹಿಂದಿ ಬಲ್ಲ ಗೆಳೆಯನೊಬ್ಬನಿಂದ ಅರ್ಥ ಕೇಳಲು ತಿಳಿಸಿದೆ. ನಿದ್ದೆಗೆಡುವ ರಾತ್ರಿಗಳು ಹೆಚ್ಚಾದರೆ, ಇಲ್ಲವೆ ಬದುಕೇ ಬೇಡವೆನಿಸಿದರೆ, ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ಗೆ, ಅಂದರೆ 14416ಕ್ಕೆ, ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದೆಂದು ಬರೆದುಕೊಟ್ಟೆ.

ತಾಯಿಗೆ ಹೇಳಿದ್ದು ಒಂದೇ: ಫೋನಿನಲ್ಲಿ ಮನೆಗೆ ಬಾ ಎಂದು ಕರೆಯಬೇಡಿ, ಅಂದು ಏನು ಕಲಿತನೆಂದು ಕೇಳಿ.

ಆತ ಸಮಯಕ್ಕೆ ಸರಿಯಾಗಿ ಹಾಜರಾದ. ಕಾಲಿಗೆ ವಿಶ್ರಾಂತಿ ಬೇಕಾಗಿ, ಹೆದರಿದ್ದಂತೆಯೇ ಒಂದು ಬ್ಯಾಚ್ ಹಿಂದೆ ಉಳಿದ. ಅದೇ ಪಾಠ ಎರಡನೇ ಬಾರಿ ಕೇಳಿದ್ದರಿಂದ ಅರ್ಥವಾಗುತ್ತಿದೆಯೆಂದು ಎರಡು ತಿಂಗಳ ನಂತರ ತಿಳಿಸಿದ. ತಂದೆ ಇನ್ನೂ ನನ್ನ ಬಳಿ ಬಂದಿಲ್ಲ.